ಇಂಗ್ಲಿಷ್ ಒಪೆರಾ ಮತ್ತು ಹೆಂಗಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಒಪೆರಾ ಅಂದ್ರೆ ಇಟಲಿಯದ್ದು ಅಲ್ವಾ? ಇಂಗ್ಲಿಷ್‌ನಲ್ಲೂ ಇದೆಯಾ?

ಇದೆ. ಒಪೆರಾ ಅಂದರೆ ಕಥೆ ಹೆಚ್ಚಾಗಿ ಹಾಡಿನಲ್ಲೇ ನಡೆಯುವ ನಾಟಕ. ಇಂಗ್ಲಿಷಿನಲ್ಲಿ ಅದು ಶುರುವಾಗಿ ಮುನ್ನೂರೈವತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ಆದರೆ ಲಂಡನ್ನಿನ ದುಡ್ಡಿದ್ದವರು ಅದರ ಕಡೆ ತಿರುಗಿ ನೋಡಿದ್ದು ಕಡಿಮೆ. 1711ರಲ್ಲಿ ಹ್ಯಾಂಡಲ್ ಎಂಬ ಸಂಗೀತಕಾರ ಇಟಾಲಿಯನ್ ಒಪೆರಾ ಹಿಡಿದುಕೊಂಡು ಲಂಡನ್ನಿಗೆ ಬಂದ ಮೇಲಂತೂ ಅರಮನೆಯವರು, ದೊಡ್ಡ ಮನೆತನದವರು, ದೊಡ್ಡ ಸಂಬಳ ಎಲ್ಲ ಆ ಕಡೆಗೇ ಹೋಯಿತು. ಇಂಗ್ಲಿಷ್ ಒಪೆರಾ ಹೇಗೋ ಬದುಕಿಕೊಂಡಿತು: ಬಾಡಿಗೆ ಥಿಯೇಟರಿನಲ್ಲಿ, ಶಾಲೆಯಲ್ಲಿ, ಊರೂರು ತಿರುಗುವ ಕಂಪನಿಯಲ್ಲಿ.

ಹೆಂಗಸರಿಗೆ ಅದೇ ಅನುಕೂಲವಾಯಿತು ಅಂತ ನನಗನ್ನಿಸುತ್ತದೆ. ಗೌರವ, ದುಡ್ಡು ಇರುವ ಕಡೆ ಬಾಗಿಲು ಕಾಯುವವರು ಜಾಸ್ತಿ. ಯಾರಿಗೂ ಬೇಡವಾದ ಕಡೆ ಅಷ್ಟು ಕಾವಲು ಇರುವುದಿಲ್ಲ. ಹಾಗಾಗಿ ಇಂಗ್ಲಿಷ್ ಒಪೆರಾದ ಕಥೆಯಲ್ಲಿ ಹೆಂಗಸರು ಹಾಡಿದ್ದಷ್ಟೇ ಅಲ್ಲ, ಕಂಪನಿ ಕಟ್ಟಿದರು, ಥಿಯೇಟರ್ ನಡೆಸಿದರು, ಸಾಲ ಮಾಡಿದರು, ಜಗಳ ಆಡಿದರು. ಒಂದೇ ಒಂದು ಬಾಗಿಲು ಮಾತ್ರ ಬಹಳ ದಿನ ಗಟ್ಟಿಯಾಗಿ ಮುಚ್ಚಿತ್ತು, ಸಂಗೀತ ಬರೆಯುವ ಕೆಲಸದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಇಂಗ್ಲಿಷ್ ಒಪೆರಾದಲ್ಲಿ ಮೊದಲು ಹಾಡಿದ ಹೆಂಗಸು ಯಾರು?

ಮಿಸೆಸ್ ಕೋಲ್ಮನ್. ಪೂರ್ತಿ ಹೆಸರು ಕ್ಯಾಥರೀನ್ ಕೋಲ್ಮನ್. ವರ್ಷ 1656, ಜಾಗ ಲಂಡನ್ನಿನ ರಟ್ಲಂಡ್ ಹೌಸ್, ಅಂದರೆ ವಿಲಿಯಂ ಡ್ಯಾವೆನಂಟ್ ಎಂಬ ಕವಿಯ ಮನೆ.

ಮನೆಯಲ್ಲಿ ಯಾಕೆ? 1642ರಿಂದ ಇಂಗ್ಲೆಂಡಿನಲ್ಲಿ ನಾಟಕಗಳಿಗೆ ನಿಷೇಧ ಇತ್ತು. ಕ್ರಾಮ್‌ವೆಲ್ ಕಾಲ. ಡ್ಯಾವೆನಂಟ್ ಜಾಣ, 'ಇದು ನಾಟಕ ಅಲ್ಲಪ್ಪ, ಸಂಗೀತ' ಅನ್ನುವ ನೆಪ ಹೂಡಿ 'ದಿ ಸೀಜ್ ಆಫ್ ರೋಡ್ಸ್' ಆಡಿಸಿದ. ಅದಕ್ಕೆ ಐದು ಜನ ಸೇರಿ ಸಂಗೀತ ಕೊಟ್ಟಿದ್ದರು. ಐಯಾಂಥೆ ಎಂಬ ನಾಯಕಿಯ ಪಾತ್ರ ಹಾಡಿದ್ದು ಈ ಮಿಸೆಸ್ ಕೋಲ್ಮನ್, ಗಾಯಕ ಎಡ್ವರ್ಡ್ ಕೋಲ್ಮನ್‌ನ ಹೆಂಡತಿ. ಅಲ್ಲಿಯ ತನಕ ಇಂಗ್ಲೆಂಡಿನ ವೃತ್ತಿ ರಂಗಭೂಮಿಯಲ್ಲಿ ಹೆಣ್ಣು ಪಾತ್ರವನ್ನು ಹುಡುಗರೇ ಮಾಡುತ್ತಿದ್ದರು. ಅಂದರೆ ಆ ದೇಶದ ಮೊದಲ ನಟಿಯೇ ಒಪೆರಾದವಳು, ನಾಟಕದವಳಲ್ಲ. ಅವಳು ಹಾಡಿದ ಸಂಗೀತ ಕಳೆದುಹೋಗಿದೆ. ಮಾತುಗಳು ಮಾತ್ರ ಉಳಿದಿವೆ.

ಪರ್ಸೆಲ್ ಎಂಬ ಸಂಗೀತಕಾರನ ಡೈಡೋ ಒಪೆರಾ ಹುಡುಗಿಯರ ಶಾಲೆಗೋಸ್ಕರ ಬರೆದದ್ದಾ?

ಶಾಲೆಯಲ್ಲಿ ಆಡಿದ್ದಂತೂ ನಿಜ. 'ಡೈಡೋ ಅಂಡ್ ಈನಿಯಸ್' ಬಗ್ಗೆ ನಮಗೆ ಗೊತ್ತಿರುವ ಅತಿ ಹಳೆಯ ಪ್ರದರ್ಶನ ಚೆಲ್ಸಿಯಲ್ಲಿ, ಜೊಸಾಯಸ್ ಪ್ರೀಸ್ಟ್ ಎಂಬ ಡಾನ್ಸ್ ಮೇಷ್ಟ್ರು ನಡೆಸುತ್ತಿದ್ದ ಹುಡುಗಿಯರ ಬೋರ್ಡಿಂಗ್ ಶಾಲೆಯದ್ದು, 1689ರ ಹೊತ್ತಿಗೆ. ಅದಕ್ಕೂ ಮುಂಚೆ ಅರಮನೆಯಲ್ಲಿ ಆಡಿದ್ದರಾ ಅನ್ನುವ ವಾದ ಪಂಡಿತರ ನಡುವೆ ಇನ್ನೂ ಮುಗಿದಿಲ್ಲ.

ಕೊನೆಯ ಹಾಡು ಒಮ್ಮೆ ಕೇಳಿ. ಡೈಡೋ ಸಾಯುವ ಮುಂಚೆ ಹಾಡುವುದು. ಕೆಳಗಿನ ಸ್ವರದಲ್ಲಿ ಐದು ಬಾರ್‌ಗಳ (ತಾಳದ ಸುತ್ತುಗಳ) ಒಂದು ಸಾಲು ಅರ್ಧರ್ಧ ಸ್ವರ ಇಳಿಯುತ್ತಾ ಹೋಗುತ್ತದೆ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರು. ಹಾಡು ಮುಗಿಯುವ ತನಕ ಅದು ಬದಲಾಗುವುದೇ ಇಲ್ಲ. ಡೈಡೋ ಮೇಲೆ ಅವಳ ಪಾಡಿಗೆ ಹಾಡುತ್ತಾಳೆ. 'ನನ್ನನ್ನು ನೆನಪಿಟ್ಟುಕೋ' ಅನ್ನುವ ಮಾತು ಬಂದಾಗ ಪರ್ಸೆಲ್ ಅಲಂಕಾರ ಎಲ್ಲ ಬಿಟ್ಟು ಒಂದೇ ಸ್ವರವನ್ನು ಮತ್ತೆ ಮತ್ತೆ ಹೇಳಿಸುತ್ತಾನೆ, ಆಮೇಲೆ ಅದೇ ಮಾತನ್ನು ಒಮ್ಮೆ ಮೇಲಕ್ಕೆ ಎತ್ತುತ್ತಾನೆ. ಅಷ್ಟೇ. ಇದನ್ನು ಶಾಲೆಯ ಹುಡುಗಿಯರು ಹಾಡಿದ್ದರು ಅಂತ ಯೋಚಿಸಿ!

ಇನ್ನೊಂದು ವಿಷಯ. ಇದಕ್ಕೂ ಸ್ವಲ್ಪ ಮುಂಚಿನ, ಜಾನ್ ಬ್ಲೋ ಬರೆದ 'ವೀನಸ್ ಅಂಡ್ ಅಡೋನಿಸ್' ಕೂಡ ಇದೇ ಶಾಲೆಯಲ್ಲಿ 1684ರಲ್ಲಿ ನಡೆಯಿತು. ಅರಮನೆಯಲ್ಲಿ ಆಡಿದಾಗ ವೀನಸ್ ಆಗಿದ್ದವಳು ಮೇರಿ ಡೇವಿಸ್, ಎರಡನೇ ಚಾರ್ಲ್ಸ್ ರಾಜನ ಹಳೆಯ ಪ್ರೇಯಸಿ. ಕ್ಯುಪಿಡ್ ಆಗಿದ್ದವಳು ಅವರಿಬ್ಬರ ಮಗಳು. ರಾಜ ಎದುರಿಗೆ ಕೂತು ನೋಡುತ್ತಿದ್ದ. ಅದರ ಸಾಹಿತ್ಯವನ್ನು ಬರೆದದ್ದು ಆ್ಯನ್ ಕಿಂಗ್ಸ್‌ಮಿಲ್ ಎಂಬ ಕವಯಿತ್ರಿ ಅಂತ ಈಚೆಗೆ ಹಲವು ಸಂಶೋಧಕರು ಹೇಳುತ್ತಾರೆ.

ಕಿತ್ತಳೆ ಹಣ್ಣು ಎಸೆದ ಗಲಾಟೆ ಏನದು?

ಎಲ್ಲರಿಗೂ ಇದೇ ಬೇಕು! 1704ರ ಫೆಬ್ರವರಿ, ಡ್ರೂರಿ ಲೇನ್ ಥಿಯೇಟರ್. ಇಟಲಿಯಿಂದ ಬಂದ ಮಾರ್ಗರೀಟಾ ಡೆ ಲೆಪೀನ್ ಹಾಡುತ್ತಿದ್ದಾಗ ಜನರ ಮಧ್ಯದಿಂದ ಒಬ್ಬಳು ಹಿಸ್ ಅಂತ ಕೂಗಿ ಕಿತ್ತಳೆ ಎಸೆದಳು. ಹಿಡಿದು ನೋಡಿದರೆ ಅವಳು ಆ್ಯನ್ ಬಾರ್ವಿಕ್, ಇಂಗ್ಲಿಷ್ ಗಾಯಕಿ ಕ್ಯಾಥರೀನ್ ಟಾಫ್ಟ್ಸ್ ಮನೆಯಲ್ಲಿ ಕೆಲಸಕ್ಕಿದ್ದವಳು. ಟಾಫ್ಟ್ಸ್ 'ನನಗೂ ಇದಕ್ಕೂ ಸಂಬಂಧ ಇಲ್ಲ' ಅಂತ ಪೇಪರಿನಲ್ಲಿ ಪತ್ರ ಹಾಕಿಸಬೇಕಾಯಿತು. ಜನ ನಂಬಿದರಾ ಅನ್ನೋದು ಬೇರೆ ಮಾತು.

ಗಲಾಟೆಯ ಗದ್ದಲದಲ್ಲಿ ಟಾಫ್ಟ್ಸ್ ಮಾಡಿದ ಕೆಲಸ ಮರೆತುಹೋಗುತ್ತದೆ. ಇಟಾಲಿಯನ್ ಮಾದರಿಯಲ್ಲಿ ಶುರುವಿನಿಂದ ಕೊನೆಯ ತನಕ ಇಂಗ್ಲಿಷಿನಲ್ಲೇ ಹಾಡುವ 'ಆರ್ಸಿನೋಯ್' 1705ರಲ್ಲಿ ಬಂದಾಗ, ಮರುವರ್ಷ 'ಕಮಿಲ್ಲಾ' ಬಂದಾಗ, ಮುಖ್ಯ ಪಾತ್ರ ಆಕೆಯದೇ. ಆಮೇಲೆ ಇಟಲಿಯ ಗಾಯಕರು ಬಂದು ಸೇರಿಕೊಂಡರು. ಒಂದೇ ಸ್ಟೇಜಿನಲ್ಲಿ ಅವರು ಇಟಾಲಿಯನ್ನಿನಲ್ಲಿ ಕೇಳುವುದು, ಆಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ರಾಜ ಇಟಾಲಿಯನ್, ಅವನ ಗುಲಾಮರು ಇಂಗ್ಲಿಷ್ ಅಂತ ಆ್ಯಡಿಸನ್ ಎಂಬ ಲೇಖಕ ಆಡಿಕೊಂಡು ನಕ್ಕಿದ್ದ. 1709ರಲ್ಲಿ ಟಾಫ್ಟ್ಸ್ ಸ್ಟೇಜ್ ಬಿಟ್ಟಳು. ಇಂಗ್ಲಿಷಿನಲ್ಲಿ ಹಾಡುವವರು ಹಿಂದಕ್ಕೆ ಸರಿದರು.

'ದಿ ಬೆಗ್ಗರ್ಸ್ ಒಪೆರಾ' ನಿಜವಾಗಿ ಒಪೆರಾನಾ?

ಪಕ್ಕಾ ಒಪೆರಾ ಅಲ್ಲ. ನಮ್ಮ ಕಂಪನಿ ನಾಟಕದ ಹಾಗೆ, ಮಾತು ಮಾತು, ನಡುವೆ ಹಾಡು. ಹಾಡಿನ ಮಟ್ಟುಗಳು ಜನ ಬೀದಿಯಲ್ಲಿ ಗುನುಗುತ್ತಿದ್ದವೇ. 1728ರ ಜನವರಿ 29ಕ್ಕೆ ಶುರುವಾಗಿ ಆ ಸೀಸನ್ನಿನಲ್ಲೇ 62 ಪ್ರದರ್ಶನ ಕಂಡಿತು, ಆಗಿನ ಕಾಲಕ್ಕೆ ದಾಖಲೆ. ರಾಜರಾಣಿಯರ ಬದಲು ಕಳ್ಳರು, ಜೈಲರ್‌ಗಳು, ಸೂಳೆಯರು. ಇಟಾಲಿಯನ್ ಒಪೆರಾದ ಇಬ್ಬರು ಗಾಯಕಿಯರ ಜಗಳವನ್ನೇ ಪಾಲಿ ಮತ್ತು ಲೂಸಿ ಎಂಬ ಇಬ್ಬರು ಹೆಂಗಸರ ಜಗಳವಾಗಿ ಇಲ್ಲಿ ಅಣಕಿಸಿದ್ದಾರೆ.

ಪಾಲಿ ಪಾತ್ರ ಮಾಡಿದ ಲವಿನಿಯಾ ಫೆಂಟನ್‌ಗೆ ಆಗ ಇಪ್ಪತ್ತರ ಆಸುಪಾಸು. ರಾತ್ರೋರಾತ್ರಿ ಊರಿಗೆಲ್ಲ ಅವಳದೇ ಹುಚ್ಚು. ಅವಳ ಚಿತ್ರ ಅಚ್ಚಾಗಿ ಮಾರಾಟವಾಯಿತು. ಹೋಗಾರ್ತ್ ಎಂಬ ಚಿತ್ರಗಾರ ಈ ನಾಟಕದ ಒಂದು ದೃಶ್ಯ ಬರೆದಿದ್ದಾನಲ್ಲ, ಅದರ ಬಲಗಡೆ ಅಂಚಿನಲ್ಲಿ ಕೂತಿರುವ ದೊಡ್ಡ ಮನುಷ್ಯನನ್ನು ನೋಡಿ. ಬೋಲ್ಟನ್ನಿನ ಡ್ಯೂಕ್. ಮದುವೆಯಾದವನು. ಕಣ್ಣೆಲ್ಲ ಪಾಲಿ ಮೇಲೆ. ಆ ಸೀಸನ್ ಮುಗಿಯುವಷ್ಟರಲ್ಲಿ ಆಕೆ ಸ್ಟೇಜ್ ಬಿಟ್ಟು ಅವನ ಜೊತೆ ಹೋದಳು. ಅವನ ಹೆಂಡತಿ ತೀರಿಕೊಂಡ ಮೇಲೆ, 1751ರಲ್ಲಿ, ಮದುವೆಯಾಗಿ ಡಚೆಸ್ ಆದಳು. ಹಾಡಿದ್ದು ಒಂದು ಸೀಸನ್, ಕಾದಿದ್ದು ಇಪ್ಪತ್ಮೂರು ವರ್ಷ.

ಮದುವೆಯಾದ ಮೇಲೆ ಹಾಡೋಕೆ ಬಿಡುತ್ತಿದ್ದರಾ?

ಗಂಡನ ಮೇಲೆ ಹೋಗುತ್ತಿತ್ತು. ಎಲಿಜಬೆತ್ ಲಿನ್ಲಿ ಬಾತ್ ಊರಿನವಳು, ಆ ಕಾಲದ ಅತಿ ಒಳ್ಳೆಯ ಗಾಯಕಿಯರಲ್ಲಿ ಒಬ್ಬಳು. 1773ರಲ್ಲಿ ನಾಟಕಕಾರ ಶೆರಿಡನ್ ಆಕೆಯನ್ನು ಮದುವೆಯಾದ, ಅಲ್ಲಿಗೆ ದುಡ್ಡಿಗೆ ಹಾಡುವುದು ನಿಂತಿತು. ಮರ್ಯಾದಸ್ಥನ ಹೆಂಡತಿ ಸ್ಟೇಜ್ ಹತ್ತಬಾರದಂತೆ. ಸ್ಯಾಮ್ಯುಯಲ್ ಜಾನ್ಸನ್ ಎಂಬ ದೊಡ್ಡ ಲೇಖಕ ಇದನ್ನು ಹೊಗಳಿದ. ಎರಡು ವರ್ಷ ಆದ ಮೇಲೆ ಅದೇ ಶೆರಿಡನ್ 'ದಿ ಡುಯೆನ್ನಾ' ಎಂಬ ಇಂಗ್ಲಿಷ್ ಒಪೆರಾ ಬರೆದು ಕವೆಂಟ್ ಗಾರ್ಡನ್ ಥಿಯೇಟರಿನಲ್ಲಿ ಆಡಿಸಿ ಭರ್ಜರಿ ದುಡ್ಡು ಮಾಡಿದ. ಅದರ ಸಂಗೀತ ಯಾರದ್ದು? ಎಲಿಜಬೆತ್‌ಳ ಅಪ್ಪ ಮತ್ತು ತಮ್ಮನದು. ಮನೆಮಂದಿಯೆಲ್ಲ ಇದ್ದರು, ಹಾಡುವವಳೊಬ್ಬಳು ಬಿಟ್ಟು. ನನಗೆ ಈ ಮನುಷ್ಯನ ನಾಟಕಗಳು ಇಷ್ಟ, ಆದರೂ ಇದನ್ನು ಓದಿದಾಗ ಸಿಟ್ಟು ಬರುತ್ತದೆ.

ಹೆಂಗಸರು ಕಂಪನಿ ನಡೆಸಿದ್ದರು ಅಂದ್ರಲ್ಲ, ಯಾರು?

ಒಬ್ಬರಲ್ಲ. ಮೇಡಂ ವೆಸ್ಟ್ರಿಸ್ 1831ರಲ್ಲಿ ಲಂಡನ್ನಿನ ಒಲಿಂಪಿಕ್ ಥಿಯೇಟರನ್ನು ತನ್ನ ಹೆಸರಿನಲ್ಲೇ ನಡೆಸಲು ಶುರು ಮಾಡಿದಳು. ಜರ್ಮನಿಯ ಸಂಗೀತಕಾರ ವೇಬರ್ ಇಂಗ್ಲಿಷಿಗೆಂದೇ ಬರೆದ 'ಓಬೆರಾನ್' 1826ರಲ್ಲಿ ಬಂದಾಗ ಅದರಲ್ಲಿ ಫಾತಿಮಾ ಆಗಿದ್ದವಳು ಈಕೆ. ಆಗಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿಪಾಸ್ತಿ ಗಂಡನ ಕೈಗೆ ಹೋಗುತ್ತಿತ್ತು, ಒಪ್ಪಂದಕ್ಕೆ ಅವಳ ಸಹಿಗೆ ಬೆಲೆ ಇರಲಿಲ್ಲ. ವೆಸ್ಟ್ರಿಸ್ ಆಗ ವಿಧವೆ. ಹಾಗಾಗಿ ಸಹಿ ಹಾಕಬಹುದಿತ್ತು.

ಲೂಯಿಸಾ ಪೈನ್ ಸೋಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿ. ವಿಲಿಯಂ ಹ್ಯಾರಿಸನ್ ಎಂಬ ಟೆನರ್ (ಎತ್ತರದ ದನಿಯ ಗಾಯಕ) ಜೊತೆ ಸೇರಿ ಕಂಪನಿ ಕಟ್ಟಿ 1864ರ ತನಕ ಲಂಡನ್ನಿನಲ್ಲಿ ಬರೀ ಇಂಗ್ಲಿಷ್ ಒಪೆರಾ ಆಡಿಸಿದಳು. ಬಾಲ್ಫ್, ವಾಲೆಸ್, ಬೆನೆಡಿಕ್ಟ್ ಇವರ ಹೊಸ ಕೃತಿಗಳಿಗೆ ಆಗ ಬೇರೆ ಜಾಗವೇ ಇರಲಿಲ್ಲ. ಕಾರ್ಲ್ ರೋಸಾ ಕಂಪನಿ ಅಂತ ಇನ್ನೊಂದು, ಊರೂರಿಗೆ ಇಂಗ್ಲಿಷಿನಲ್ಲಿ ಒಪೆರಾ ಒಯ್ದದ್ದು. ಹೆಸರು ಗಂಡನದು. ಆದರೆ ಅದಕ್ಕೂ ಮುಂಚೆ ಅಮೆರಿಕದಲ್ಲಿ ಜನರನ್ನು ಎಳೆಯುತ್ತಿದ್ದ ಹೆಸರು ಅವನ ಹೆಂಡತಿ ಯೂಫ್ರೊಸಿನ್ ಪರೇಪಾಳದು. ಬ್ರಿಟನ್ನಿಗೆ ಬಂದು ಕಂಪನಿ ಶುರುವಾದ ಕೆಲವೇ ತಿಂಗಳಿಗೆ, 1874ರ ಜನವರಿಯಲ್ಲಿ, ಆಕೆ ತೀರಿಹೋದಳು. ಅಮೆರಿಕದಲ್ಲಿ ಎಮ್ಮಾ ಆಬಟ್, ಕ್ಲಾರಾ ಲೂಯಿಸ್ ಕೆಲಾಗ್ ತಮ್ಮ ಹೆಸರಿನದೇ ಇಂಗ್ಲಿಷ್ ಒಪೆರಾ ಕಂಪನಿ ಕಟ್ಟಿಕೊಂಡು ರೈಲಿನಲ್ಲಿ ಊರೂರು ಸುತ್ತಿದರು.

ಹಾಸ್ಯ ಒಪೆರಾ ಬರೆದ ಗಿಲ್ಬರ್ಟ್ (ಮಾತು) ಮತ್ತು ಸಲಿವನ್ (ಸಂಗೀತ) ಜೋಡಿಯ ಹಿಂದೆ ಒಬ್ಬ ಹೆಂಗಸು ಇದ್ದಳಂತೆ?

ಹೆಲೆನ್ ಲೆನ್ವಾರ್. ಸ್ಕಾಟ್ಲೆಂಡಿನವಳು, ಲೆಕ್ಕದಲ್ಲಿ ಚುರುಕು. ಸ್ವಲ್ಪ ದಿನ ನಟನೆ ಮಾಡಿ ಆಮೇಲೆ ಅವರ ಒಪೆರಾ ಆಡಿಸುತ್ತಿದ್ದ ರಿಚರ್ಡ್ ಡಾಯ್ಲಿ ಕಾರ್ಟ್‌ನ ಆಫೀಸಿನಲ್ಲಿ ಸೆಕ್ರೆಟರಿಯಾಗಿ ಸೇರಿದಳು. ಕೆಲವೇ ವರ್ಷಕ್ಕೆ ಲೆಕ್ಕಪತ್ರ, ಒಪ್ಪಂದ, ಅಮೆರಿಕದ ವ್ಯವಹಾರ ಎಲ್ಲ ಆಕೆಯ ಕೈಯಲ್ಲಿ.

ಒಂದು ಸಣ್ಣ ಉದಾಹರಣೆ ಸಾಕು. ಆ ಜೋಡಿಯ ಹಿಂದಿನ ಒಪೆರಾ 'ಪಿನಾಫೋರ್' ಅನ್ನು ಅಮೆರಿಕದಲ್ಲಿ ಕಂಡಕಂಡವರು ಕದ್ದು ಆಡಿದ್ದರು, ಒಂದು ಪೈಸೆ ಬರಲಿಲ್ಲ. ಹಾಗಾಗಿ 'ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್' ಅನ್ನು ನ್ಯೂಯಾರ್ಕಿನಲ್ಲೇ ಮೊದಲು ಆಡಿಸುವುದು, ಆದರೆ ಬ್ರಿಟನ್ನಿನ ಹಕ್ಕು ಕೈತಪ್ಪದ ಹಾಗೆ ಅದರ ಹಿಂದಿನ ದಿನ ಅಲ್ಲೂ ಒಂದು ಪ್ರದರ್ಶನ ಮಾಡಿಬಿಡುವುದು ಅಂತ ಪ್ಲಾನ್. ಅದನ್ನು ನೋಡಿಕೊಂಡವಳು ಹೆಲೆನ್. 1879ರ ಡಿಸೆಂಬರ್ 30, ಪೇನ್‌ಟನ್ ಎಂಬ ಸಮುದ್ರ ತೀರದ ಊರು. ಹತ್ತಿರದ ಊರಿನಲ್ಲಿ 'ಪಿನಾಫೋರ್' ಆಡುತ್ತಿದ್ದ ತಂಡವನ್ನೇ ಕರೆಸಿದರು. ಡ್ರೆಸ್ ಅದರದ್ದೇ, ಕಡಲ್ಗಳ್ಳರು ಅಂತ ಗೊತ್ತಾಗಲಿ ಅಂತ ತಲೆಗೆ ಕರ್ಚೀಫು ಕಟ್ಟಿಕೊಂಡರು, ಹಾಡು ಬಾಯಿಗೆ ಬಂದಿರಲಿಲ್ಲ, ಹಾಳೆ ಕೈಯಲ್ಲಿ ಹಿಡಿದೇ ಹಾಡಿದರು. ಕೆಲಸ ಆಯಿತು.

1890ರಲ್ಲಿ ಥಿಯೇಟರಿನ ಕಾರ್ಪೆಟ್ ಖರ್ಚಿನ ವಿಷಯಕ್ಕೆ ಗಿಲ್ಬರ್ಟ್ ಮತ್ತು ಕಾರ್ಟ್ ಕಿತ್ತಾಡಿ ಕೋರ್ಟಿಗೆ ಹೋದಾಗ ಇಬ್ಬರ ನಡುವೆ ಓಡಾಡಿ ರಾಜಿ ಮಾಡಿಸಲು ನೋಡಿದವಳೂ ಈಕೆಯೇ. 1888ರಲ್ಲಿ ಕಾರ್ಟ್‌ನನ್ನು ಮದುವೆಯಾಗಿದ್ದಳು, 1901ರಲ್ಲಿ ಅವನು ತೀರಿಕೊಂಡ ಮೇಲೆ 1913ರ ತನಕ ಕಂಪನಿ ನಡೆಸಿದಳು. ಆಮೇಲೆ 1948ರಿಂದ ಕಂಪನಿ ಮುಚ್ಚಿದ 1982ರ ತನಕ ನಡೆಸಿದ್ದು ರಿಚರ್ಡ್‌ನ ಮೊಮ್ಮಗಳು ಬ್ರಿಜೆಟ್.

ಆದರೆ ಆ ಒಪೆರಾಗಳಲ್ಲಿ ಹೆಂಗಸರನ್ನು ಗೇಲಿ ಮಾಡುತ್ತಾರಲ್ವಾ?

ಮಾಡುತ್ತಾರೆ. ವಯಸ್ಸಾದ, ಚೆಂದವಿಲ್ಲದ, ಗಂಡು ಹುಡುಕುವ ಹೆಂಗಸು ಅನ್ನುವ ಪಾತ್ರ ಗಿಲ್ಬರ್ಟ್‌ಗೆ ಚಟ. 'ಮಿಕಾಡೊ'ದ ಕತಿಶಾ ಅದರಲ್ಲಿ ದೊಡ್ಡವಳು. 1884ರ 'ಪ್ರಿನ್ಸೆಸ್ ಐಡಾ' ಹೆಂಗಸರ ಕಾಲೇಜನ್ನೇ ಲೇವಡಿ ಮಾಡುತ್ತದೆ, ಕೇಂಬ್ರಿಜ್‌ನ ಗರ್ಟನ್ ಕಾಲೇಜು ಶುರುವಾಗಿ ಹದಿನೈದು ವರ್ಷ ಆಗಿದ್ದಾಗ. ನಗು ಬರುವುದಿಲ್ಲ ಅಂತ ಹೇಳಲಾರೆ. ಆದರೆ ಸಲಿವನ್ ಕತಿಶಾಳಿಗೆ ಕೊಟ್ಟ ದುಃಖದ ಹಾಡು ಕೇಳಿ, ಅಲ್ಲಿ ಅವನು ಗಿಲ್ಬರ್ಟ್‌ನ ಗೇಲಿಗೆ ಕೈಜೋಡಿಸುವುದಿಲ್ಲ.

ಹಾಗಾದರೆ ಹೆಂಗಸರು ಒಪೆರಾ ಬರೆಯಲೇ ಇಲ್ವಾ?

ಬರೆದರು. ಮೇರಿ ಆ್ಯನ್ ಆ ಬೆಕೆಟ್ ಬರೆದ 'ಆಗ್ನೆಸ್ ಸೊರೆಲ್' 1835ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರ್ ಶುರುವಾದ ದಿನವೇ ಆಡಿತು. ಅಮೆರಿಕದಲ್ಲಿ ಮೇರಿ ಕಾರ್ ಮೂರ್ 1912ರಲ್ಲಿ ಸಿಯಾಟಲ್‌ನಲ್ಲಿ 'ನಾರ್ಸಿಸ್ಸಾ' ಆಡಿಸಿದಾಗ ಸಾಹಿತ್ಯ ಅಮ್ಮನದು, ಸಂಗೀತ ಮಗಳದು, ಕಂಡಕ್ಟ್ ಮಾಡಿದ್ದೂ, ಅಂದರೆ ವಾದ್ಯಗಾರರನ್ನೂ ಗಾಯಕರನ್ನೂ ಮುನ್ನಡೆಸಿದ್ದೂ, ಮಗಳೇ.

ಆದರೆ ಒಪೆರಾ ಬರೆಯೋಕೆ ಮನೆಯ ಪಿಯಾನೊ ಸಾಲುವುದಿಲ್ಲ. ಆರ್ಕೆಸ್ಟ್ರಾಕ್ಕೆ ಬರೆಯುವುದು ಕಲಿಯಬೇಕು, ಬರೆದದ್ದನ್ನು ಯಾರಾದರೂ ನುಡಿಸಿ ಕೇಳಿಸಬೇಕು, ಆಡಲು ನೂರಾರು ಜನ ಬೇಕು, ದುಡ್ಡು ಹಾಕುವವರು ಬೇಕು. ಹಾಡು ಬರೆದು ಅಚ್ಚು ಹಾಕಿಸಿದ ಹೆಂಗಸರು ಬೇಕಾದಷ್ಟು. ಅಲ್ಲಿಂದ ಮುಂದಕ್ಕೆ ದಾರಿ ಇರಲಿಲ್ಲ.

ಎಥೆಲ್ ಸ್ಮಿತ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಷ್ಟು ದೊಡ್ಡವಳಾ?

ಹೌದು. ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ, ತಾಳ್ಮೆ ಇರಲಿ.

ಅಪ್ಪ ಸೇನೆಯಲ್ಲಿ ಮೇಜರ್ ಜನರಲ್. ಮಗಳು ಸಂಗೀತ ಕಲಿಯಲು ಜರ್ಮನಿಗೆ ಹೋಗುತ್ತೇನೆ ಅಂದಾಗ ಸುತರಾಂ ಒಪ್ಪಲಿಲ್ಲ. ಮನೆಯಲ್ಲಿ ಹಠ ಹಿಡಿದು, ಯಾರ ಜೊತೆಯೂ ಸೇರದೆ, ಕೊನೆಗೆ 1877ರಲ್ಲಿ ಲೈಪ್ಜಿಗ್‌ಗೆ ಹೋದಳು. ಆಕೆಯ ಮೊದಲ ಎರಡು ಒಪೆರಾ ಜರ್ಮನ್ನಿನಲ್ಲಿವೆ, ಯಾಕೆಂದರೆ ಬ್ರಿಟನ್ನಿನಲ್ಲಿ ಹೊಸ ಒಪೆರಾ ಆಡುವ ಜಾಗ ಇಲ್ಲದಷ್ಟು ಕಡಿಮೆ, ಜರ್ಮನಿಯಲ್ಲಿ ಊರಿಗೊಂದು ಒಪೆರಾ ಹೌಸ್. ಎರಡನೆಯದು, 'ಡೆರ್ ವಾಲ್ಡ್', 1903ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ನಡೆಯಿತು. ಅಲ್ಲಿ ಹೆಂಗಸಿನ ಒಪೆರಾ ಮತ್ತೆ ನಡೆದದ್ದು 2016ರ ಡಿಸೆಂಬರಿನಲ್ಲಿ, ಕೈಯಾ ಸಾರಿಯಾಹೋ ಅವರದು. ನಡುವೆ 113 ವರ್ಷ. ಆ ಅವಧಿಯಲ್ಲಿ ಮೆಟ್ ಹಳೇ ಕಟ್ಟಡ ಬಿಟ್ಟು ಹೊಸ ಕಟ್ಟಡಕ್ಕೇ ಹೋಯಿತು.

ಆಕೆಯ ದೊಡ್ಡ ಕೃತಿ 'ದಿ ರೆಕರ್ಸ್'. ಕಾರ್ನ್‌ವಾಲ್ ತೀರದ ಒಂದು ಬಡ ಹಳ್ಳಿ. ಬಿರುಗಾಳಿಯ ರಾತ್ರಿ ದೀಪ ಆರಿಸಿ, ಹಡಗು ಬಂಡೆಗೆ ಬಡಿಯುವ ಹಾಗೆ ಮಾಡಿ, ಸಿಕ್ಕಿದ್ದನ್ನು ದೋಚಿ ಬದುಕುವ ಜನ, ಇದೆಲ್ಲ ದೇವರು ಕೊಟ್ಟದ್ದು ಅಂತ ನಂಬಿದವರು. ಆ ದೋಚಾಟವನ್ನು ಗುಟ್ಟಾಗಿ ಬೆಂಕಿ ಹಚ್ಚಿ ತಡೆಯುವವರು ಪಾದ್ರಿಯ ಹೆಂಡತಿ ತರ್ಜಾ ಮತ್ತು ಅವಳ ಪ್ರೇಮಿ ಮಾರ್ಕ್. ಮಾತು ಮೊದಲು ಬರೆದದ್ದು ಫ್ರೆಂಚಿನಲ್ಲಿ, ಮೊದಲು ಆಡಿದ್ದು ಜರ್ಮನ್ನಿನಲ್ಲಿ, 1906ರ ನವೆಂಬರಿನಲ್ಲಿ ಲೈಪ್ಜಿಗ್‌ನಲ್ಲಿ. ಕಂಡಕ್ಟರ್ ಆಕೆಯನ್ನು ಕೇಳದೆ ಮೂರನೇ ಅಂಕಕ್ಕೆ ಕತ್ತರಿ ಹಾಕಿದ್ದ. ಮೊದಲ ಪ್ರದರ್ಶನ ಚೆನ್ನಾಗಿಯೇ ಹೋಯಿತು. ಕತ್ತರಿಸಿದ್ದನ್ನು ವಾಪಸ್ ಸೇರಿಸಿ ಅಂದಳು, ಅವನು ಕೇಳಲಿಲ್ಲ. ಸೀದಾ ಆರ್ಕೆಸ್ಟ್ರಾದವರು ಕೂರುವ ಜಾಗಕ್ಕೆ ಹೋಗಿ ಎಲ್ಲರ ಸ್ಟ್ಯಾಂಡಿನಿಂದ ಹಾಳೆಗಳನ್ನು ಎತ್ತಿಕೊಂಡು ಪ್ರಾಗ್‌ಗೆ ಹೋಗುವ ರೈಲು ಹತ್ತಿದಳು. ಲೈಪ್ಜಿಗ್‌ನಲ್ಲಿ ಎರಡನೇ ಪ್ರದರ್ಶನ ಆಗಲೇ ಇಲ್ಲ. ಇಂಗ್ಲಿಷಿನಲ್ಲಿ ಲಂಡನ್ನಿಗೆ ಬಂದದ್ದು 1909ರಲ್ಲಿ, ಬೀಚಮ್ ಕಂಡಕ್ಟ್ ಮಾಡಿದ. ಖರ್ಚಿಗೆ ಮೇರಿ ಡಾಜ್ ಎಂಬ ಸ್ನೇಹಿತೆಯ ದುಡ್ಡು. ನೋಡಿ, ಮತ್ತೆ ಹೆಂಗಸೇ.

ಆಮೇಲೆ ಹೆಂಗಸರ ಮತದಾನದ ಹಕ್ಕಿನ ಚಳವಳಿ. 1912ರಲ್ಲಿ ಮಂತ್ರಿಯೊಬ್ಬನ ಮನೆಯ ಕಿಟಕಿ ಒಡೆದು ಹಾಲೊವೇ ಜೈಲಿಗೆ ಹೋದಳು. ಕೆಳಗೆ ಅಂಗಳದಲ್ಲಿ ಹೆಂಗಸರು ಆಕೆಯದೇ 'ಮಾರ್ಚ್ ಆಫ್ ದಿ ವಿಮೆನ್' ಹಾಡುತ್ತಾ ನಡೆಯುತ್ತಿದ್ದರೆ ಈಕೆ ಮೇಲಿನ ಕಿಟಕಿಯಿಂದ ಟೂತ್‌ಬ್ರಷ್ ಹಿಡಿದು ಕಂಡಕ್ಟ್ ಮಾಡುತ್ತಿದ್ದಳು ಅಂತ ಬೀಚಮ್ ಹೇಳಿದ ಕಥೆ ಎಲ್ಲ ಕಡೆ ಓಡಾಡುತ್ತದೆ. ಆದರೆ ಟೂತ್‌ಬ್ರಷ್ ಒಂದೇ ನೆನಪಿಟ್ಟುಕೊಂಡರೆ ಅನ್ಯಾಯ. ಅದೇ ಮೆರವಣಿಗೆ ಹಾಡಿನ ಮಟ್ಟನ್ನು ಆಕೆ 1916ರ 'ದಿ ಬೋಟ್ಸ್‌ವೇನ್ಸ್ ಮೇಟ್' ಒಪೆರಾದ ಓವರ್ಚರಿನಲ್ಲಿ, ಅಂದರೆ ಶುರುವಿನ ವಾದ್ಯಸಂಗೀತದಲ್ಲಿ, ಇಟ್ಟಳು. ಕಥೆ ಏನು? ಹೆಂಡದಂಗಡಿ ನಡೆಸುವ ಒಬ್ಬ ವಿಧವೆ, ಮಿಸೆಸ್ ವಾಟರ್ಸ್. ಅವಳನ್ನು ಮದುವೆಯಾಗಬೇಕು ಅಂತ ರಿಟೈರ್ ಆದ ನಾವಿಕನೊಬ್ಬ ಸುಳ್ಳು ಕಳ್ಳತನ ಹೂಡುತ್ತಾನೆ, ತಾನೇ ಬಂದು ಕಾಪಾಡುವ ಯೋಚನೆ. ಅವಳು ಅವನ ಆಟವನ್ನು ಅವನ ಮೇಲೇ ತಿರುಗಿಸುತ್ತಾಳೆ. ಸಂಗೀತ ಹಗುರ, ತಮಾಷೆಯದು, ಚಳವಳಿ ಅದರ ಒಳಗೇ ಇದೆ.

ಲಿಲಿಯನ್ ಬೇಲಿಸ್ ಯಾರು? ಆಕೆ ಹಾಡುತ್ತಿರಲಿಲ್ವಲ್ಲ?

ಹಾಡುತ್ತಿರಲಿಲ್ಲ. ಆದರೆ ಈ ಪುಟದಲ್ಲಿ ಒಬ್ಬರ ಹೆಸರು ಮಾತ್ರ ಉಳಿಸಬೇಕು ಅಂದರೆ ನಾನು ಈಕೆಯದನ್ನೇ ಉಳಿಸುತ್ತೇನೆ.

ಶುರು ಆಕೆಯ ಚಿಕ್ಕಮ್ಮ ಎಮ್ಮಾ ಕಾನ್ಸ್‌ಳಿಂದ. ಲಂಡನ್ನಿನ ವಾಟರ್‌ಲೂ ಹತ್ತಿರದ ಬಡವರ ಕೇರಿಯಲ್ಲಿ ಒಂದು ಹಳೆಯ ಥಿಯೇಟರನ್ನು 1880ರಲ್ಲಿ ಹಿಡಿದು, ಹೆಂಡದ ಬದಲು ಕಾಫಿ ಮಾರುವ ಹಾಲ್ ಮಾಡಿದಳು. ಕುಡುಕರನ್ನು ಮನೆಗೆ ಕಳಿಸಬೇಕು, ಬದಲಿಗೆ ಒಳ್ಳೆಯದೇನಾದರೂ ತೋರಿಸಬೇಕು. ನಾಟಕದ ಲೈಸೆನ್ಸ್ ಇರಲಿಲ್ಲವಾದ್ದರಿಂದ ಒಪೆರಾದ ತುಣುಕುಗಳನ್ನು ವೇಷ ಹಾಕಿಕೊಂಡು ಹಾಡುತ್ತಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಸಂಗೀತ ಪಾಠ ಹೇಳಿಕೊಂಡಿದ್ದ ಲಿಲಿಯನ್ 1890ರ ದಶಕದ ಕೊನೆಯಲ್ಲಿ ಚಿಕ್ಕಮ್ಮನ ಸಹಾಯಕ್ಕೆ ಬಂದಳು, 1912ರಲ್ಲಿ ಚಿಕ್ಕಮ್ಮ ತೀರಿಕೊಂಡ ಮೇಲೆ ಎಲ್ಲ ತನ್ನ ಮೈಮೇಲೆ ಹಾಕಿಕೊಂಡಳು. ಅದೇ ಓಲ್ಡ್ ವಿಕ್. ಶೇಕ್ಸ್‌ಪಿಯರ್ ನಾಟಕ, ಒಪೆರಾ, ಎರಡೂ ಚಿಲ್ಲರೆ ಕಾಸಿಗೆ. ಒಪೆರಾ ಪೂರ್ತಿ ಇಂಗ್ಲಿಷಿನಲ್ಲಿ, ಯಾಕೆಂದರೆ ನೋಡಲು ಬರುವವರು ಕೆಲಸದಿಂದ ನೇರ ಬಂದವರು, ಅವರಿಗೆ ಕಥೆ ಅರ್ಥವಾಗಬೇಕು.

ಸಂಬಳ ಕೊಡೋದರಲ್ಲಿ ಭಾರಿ ಜಿಪುಣಿ. 'ದೇವರೇ, ಒಳ್ಳೆ ನಟರನ್ನು ಕಳಿಸು, ಅಗ್ಗಕ್ಕೆ ಕಳಿಸು' ಅಂತ ಪ್ರಾರ್ಥನೆ ಮಾಡುತ್ತಿದ್ದಳು ಅಂತ ನಟರು ಆಡಿಕೊಳ್ಳುತ್ತಿದ್ದರು. ಸ್ಟೇಜಿನ ಪಕ್ಕದಲ್ಲೇ ಒಲೆ ಇಟ್ಟುಕೊಂಡು ಸಾಸೇಜ್ ಹುರಿಯುವಳು, ಆ ವಾಸನೆ ಪ್ರೇಕ್ಷಕರ ತನಕ ಹೋಗುವುದಂತೆ.

1931ರ ಜನವರಿ 6ಕ್ಕೆ ಸ್ಯಾಡ್ಲರ್ಸ್ ವೆಲ್ಸ್ ಎಂಬ ಪಾಳುಬಿದ್ದ ಥಿಯೇಟರನ್ನು ಹೊಸದಾಗಿ ಕಟ್ಟಿಸಿ ತೆರೆದಳು. ಒಪೆರಾ ಕ್ರಮೇಣ ಅಲ್ಲಿ ನೆಲೆ ನಿಂತಿತು. ಅದೇ ಕಂಪನಿ 1968ರಲ್ಲಿ ಲಂಡನ್ನಿನ ಕೊಲಿಸಿಯಂ ಥಿಯೇಟರಿಗೆ ಹೋಗಿ 1974ರಲ್ಲಿ ಇಂಗ್ಲಿಷ್ ನ್ಯಾಷನಲ್ ಒಪೆರಾ ಆಯಿತು. ಇವತ್ತಿಗೂ ಅಲ್ಲಿ ಇಂಗ್ಲಿಷಿನಲ್ಲಿ ಹಾಡುವುದು ಬೇಲಿಸ್ ಹಾಕಿಕೊಟ್ಟ ದಾರಿಯೇ.

'ಪೀಟರ್ ಗ್ರೈಮ್ಸ್' ಒಪೆರಾ ಬ್ರಿಟನ್ ಎಂಬ ಸಂಗೀತಕಾರನದಲ್ವಾ, ಇಲ್ಲಿ ಯಾಕೆ ಬಂತು?

ಬೆಂಜಮಿನ್ ಬ್ರಿಟನ್‌ನದೇ. ಆದರೆ ಅದನ್ನು ಸ್ಟೇಜಿಗೆ ತಂದವಳು ಜೋನ್ ಕ್ರಾಸ್. ಬೇಲಿಸ್‌ಳ ಹತ್ತಿರವೇ ಬೆಳೆದ ಸೋಪ್ರಾನೊ. ಯುದ್ಧದ ಕಾಲದಲ್ಲಿ ಸ್ಯಾಡ್ಲರ್ಸ್ ವೆಲ್ಸ್ ಕಟ್ಟಡ ಬಾಂಬಿಗೆ ಮನೆ ಕಳೆದುಕೊಂಡವರ ಆಶ್ರಯವಾಗಿತ್ತು, ಕಂಪನಿ ಊರೂರು ಅಲೆಯುತ್ತಿತ್ತು. ಕಂಪನಿಯ ಹೊಣೆ ಕ್ರಾಸ್‌ಳ ಮೇಲೆ. ಯುದ್ಧ ಮುಗಿದು ಥಿಯೇಟರ್ ಮತ್ತೆ ತೆರೆಯುವಾಗ ಜನಕ್ಕೆ ಗೊತ್ತಿರುವ ಯಾವುದಾದರೂ ಒಪೆರಾ ಹಾಕಿದರೆ ಆಗುತ್ತಿತ್ತು. ಆಕೆ ಹಠ ಹಿಡಿದು ಹೊಸಬನ ಹೊಸ ಒಪೆರಾ ಹಾಕಿದಳು. ಗಾಯಕರು ಕೂಗಾಡಿದರು, ಇದೆಂಥ ಕರ್ಕಶ, ಪಕ್ಷಪಾತ ಅಂತೆಲ್ಲ. 1945ರ ಜೂನ್ 7ರಂದು ಆಕೆಯೇ ಎಲೆನ್ ಆರ್ಫರ್ಡ್ ಎಂಬ ಶಾಲಾ ಟೀಚರ್ ಪಾತ್ರ ಹಾಡಿದಳು. ಇಂಗ್ಲಿಷ್ ಒಪೆರಾದ ಇತಿಹಾಸವನ್ನೇ ಆ ರಾತ್ರಿಯಿಂದ ಮುಂಚೆ, ಆಮೇಲೆ ಅಂತ ಭಾಗ ಮಾಡುತ್ತಾರೆ. ಕ್ರಾಸ್ ಕಂಪನಿ ಬಿಡಬೇಕಾಯಿತು.

ಬ್ರಿಟನ್‌ನ ಸುತ್ತ ಇನ್ನೂ ಇಬ್ಬರು ಇದ್ದಾರೆ. 1953ರ 'ಗ್ಲೋರಿಯಾನಾ' ಸಮಯದಲ್ಲಿ ಅವನ ಸ್ಕೋರ್ (ಸ್ವರ ಬರೆದ ಹಾಳೆ) ಕೆಲಸಕ್ಕೆ ನೆರವಾದವಳು ಇಮೊಜನ್ ಹಾಲ್ಸ್ಟ್. 'ದಿ ಟರ್ನ್ ಆಫ್ ದಿ ಸ್ಕ್ರೂ' ಸೇರಿ ಅವನ ಮೂರು ಒಪೆರಾಗಳ ಲಿಬ್ರೆಟೊ, ಅಂದರೆ ಸಾಹಿತ್ಯ, ಮಿಫಾನ್ವಿ ಪೈಪರ್‌ಳದು.

ಅಮೆರಿಕದ ಕಪ್ಪು ಹೆಂಗಸರು?

ಶರ್ಲಿ ಗ್ರಹಾಂ ಹೆಸರು ಕೇಳಿದ್ದೀರಾ? 1932ರಲ್ಲಿ ಕ್ಲೀವ್‌ಲ್ಯಾಂಡಿನ ಸ್ಟೇಡಿಯಂನಲ್ಲಿ ಆಕೆಯ 'ಟಾಮ್-ಟಾಮ್' ಒಪೆರಾ ನಡೆಯಿತು. ಸಾಹಿತ್ಯ, ಸಂಗೀತ ಎರಡೂ ಆಕೆಯದೇ. ಆಫ್ರಿಕಾದ ಹಳ್ಳಿಯಿಂದ ನ್ಯೂಯಾರ್ಕಿನ ಹಾರ್ಲೆಮ್ ತನಕದ ಕಥೆ, ನೂರಾರು ಕಲಾವಿದರು. ಎರಡು ಪ್ರದರ್ಶನಕ್ಕೆ ಸೇರಿ ಸುಮಾರು 25,000 ಜನ. ಆಮೇಲೆ ದಶಕಗಟ್ಟಲೆ ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಮೂರು ವರ್ಷ ಆದ ಮೇಲೆ 'ಪೋರ್ಗಿ ಅಂಡ್ ಬೆಸ್'. ಅದರ ಸಂಗೀತಕಾರ ಗರ್ಶ್ವಿನ್ ಮೊದಲು ಇಟ್ಟ ಹೆಸರು ಬರೀ 'ಪೋರ್ಗಿ'. ಜೂಲಿಯಾರ್ಡ್ ಸಂಗೀತ ಶಾಲೆಯ ವಿದ್ಯಾರ್ಥಿನಿ ಆ್ಯನ್ ಬ್ರೌನ್ ತಾನೇ ಪತ್ರ ಬರೆದು ಹೋಗಿ ಹಾಡಿ ತೋರಿಸಿದಳು. ಅವಳು ಹಾಡಹಾಡುತ್ತಾ ಬೆಸ್ ಪಾತ್ರ ಬೆಳೆಯಿತು, ಕೊನೆಗೆ ಹೆಸರಿನಲ್ಲೂ ಸೇರಿತು. 1936ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಕಪ್ಪು ಜನರನ್ನು ಒಳಗೆ ಬಿಡದಿದ್ದರೆ ಹಾಡುವುದಿಲ್ಲ ಅಂತ ಆಕೆ ಮತ್ತು ಪೋರ್ಗಿ ಪಾತ್ರದ ಟಾಡ್ ಡಂಕನ್ ಪಟ್ಟು ಹಿಡಿದು, ಆ ಪ್ರದರ್ಶನಗಳಿಗೆ ಎಲ್ಲರನ್ನೂ ಒಳಗೆ ಬಿಡುವ ಹಾಗೆ ಮಾಡಿದರು. ಲಿಯೊಂಟೀನ್ ಪ್ರೈಸ್ ಅಂತೂ 1966ರಲ್ಲಿ ಹೊಸ ಮೆಟ್ ಕಟ್ಟಡ ತೆರೆದ ರಾತ್ರಿಯೇ ಕ್ಲಿಯೋಪಾತ್ರ, ಸ್ಯಾಮ್ಯುಯಲ್ ಬಾರ್ಬರ್ ಎಂಬ ಸಂಗೀತಕಾರ ಆಕೆಯ ದನಿಗೆಂದೇ ಇಂಗ್ಲಿಷಿನಲ್ಲಿ ಬರೆದ ಒಪೆರಾ.

ಇದಕ್ಕೂ ನಮಗೂ ಏನಾದರೂ ಸಂಬಂಧ ಇದೆಯಾ?

ಇದೆ, ಚೆನ್ನಾಗಿಯೇ ಇದೆ. ಪೆಗಿ ಗ್ಲಾನ್ವಿಲ್-ಹಿಕ್ಸ್ ಆಸ್ಟ್ರೇಲಿಯಾದವಳು. 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಆಕೆಯ 'ದಿ ಟ್ರಾನ್ಸ್‌ಪೋಸ್ಡ್ ಹೆಡ್ಸ್' ನಡೆಯಿತು. ಥಾಮಸ್ ಮಾನ್‌ನ ಕಿರುಕಾದಂಬರಿ ಆಧಾರ, ಅದನ್ನು ಇಂಗ್ಲಿಷಿಗೆ ತಂದವಳು ಹೆಲೆನ್ ಲೋ-ಪೋರ್ಟರ್. ಸೀತಾ ಎಂಬ ಹೆಂಗಸು, ಗಂಡ ಶ್ರೀದಾಮನ್, ಗೆಳೆಯ ನಂದ. ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ಅವಳು ತಲೆ ಜೋಡಿಸುವಾಗ ಅದಲುಬದಲು. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಗಿರೀಶ ಕಾರ್ನಾಡರ 'ಹಯವದನ' ಕೂಡ ಇದೇ ಕಾದಂಬರಿಯಿಂದಲೇ ಕಥೆ ತೆಗೆದುಕೊಂಡದ್ದು. ಬೇರು ನಮ್ಮ ಬೇತಾಳನ ಕಥೆ. ಪದ್ಮಿನಿ ಕನ್ನಡದ ಸ್ಟೇಜಿಗೆ ಬರುವ ಎಷ್ಟೋ ವರ್ಷ ಮೊದಲು ಒಬ್ಬ ಹೆಂಗಸು ಅವಳ ಕಥೆಯನ್ನು ಒಪೆರಾ ಮಾಡಿದ್ದಳು, ಅದೂ ಭಾರತೀಯ ಮಟ್ಟುಗಳನ್ನು ಬಳಸಿ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಯಾರಾದರೂ ಬೆಂಗಳೂರಿನಲ್ಲಿ ಆಡಿಸಿದರೆ ನಾನು ಮೊದಲ ಸಾಲಿನ ಟಿಕೆಟ್ ತೆಗೆದುಕೊಳ್ಳುತ್ತೇನೆ.

ಇನ್ನೊಂದು, ಗುಸ್ತಾವ್ ಹಾಲ್ಸ್ಟ್ ಬರೆದ 'ಸಾವಿತ್ರಿ', ಮೊದಲು ಆಡಿದ್ದು 1916ರಲ್ಲಿ. ಅವನು ಸಂಸ್ಕೃತ ಕಲಿತಿದ್ದ. ಮೂರೇ ಪಾತ್ರ, ಅರ್ಧ ಗಂಟೆ. ಶುರುವಿನಲ್ಲಿ ಒಂದು ವಾದ್ಯವೂ ಇಲ್ಲ, ಕತ್ತಲಿನಿಂದ ಯಮನ ದನಿ ಮಾತ್ರ ಬರುತ್ತದೆ, ಸಾವಿತ್ರಿ ದನಿಗೆ ದನಿ ಕೊಡುತ್ತಾಳೆ. ಇಲ್ಲಿ ಅವಳು ನೂರು ಮಕ್ಕಳನ್ನು ಕೇಳುವುದಿಲ್ಲ. ತುಂಬು ಬದುಕು ಕೊಡು ಅನ್ನುತ್ತಾಳೆ, ಯಮ ಆಗಲಿ ಅಂದ ಮೇಲೆ 'ಸತ್ಯವಾನ್ ಇಲ್ಲದೆ ಅದು ಹೇಗೆ ತುಂಬುತ್ತದೆ' ಅಂತ ಸಿಕ್ಕಿಸುತ್ತಾಳೆ.

ಈಗ ಪರಿಸ್ಥಿತಿ ಹೇಗಿದೆ?

ಮೊದಲಿಗಿಂತ ಎಷ್ಟೋ ಪಾಲು ಚೆನ್ನಾಗಿದೆ. ತೀಯಾ ಮಸ್‌ಗ್ರೇವ್ ಅವರ 'ಮೇರಿ, ಕ್ವೀನ್ ಆಫ್ ಸ್ಕಾಟ್ಸ್' 1977ರಿಂದ ಹಲವು ಕಡೆ ನಡೆದಿದೆ. ಜೂಡಿತ್ ವಿಯರ್ 2014ರಲ್ಲಿ ಬ್ರಿಟಿಷ್ ಅರಮನೆಯ ಅಧಿಕೃತ ಸಂಗೀತಕಾರರಾದ ಮೊದಲ ಹೆಂಗಸು. ಕವೆಂಟ್ ಗಾರ್ಡನ್ನಿನ ರಾಯಲ್ ಒಪೆರಾದಲ್ಲಿ ಹೆಂಗಸೊಬ್ಬರು ಮೊದಲ ಬಾರಿ ಕಂಡಕ್ಟ್ ಮಾಡಿದ್ದು 1988ರಲ್ಲಿ, ಷಾನ್ ಎಡ್ವರ್ಡ್ಸ್, ಅದೂ ಇಂಗ್ಲಿಷ್ ಒಪೆರಾ, ಟಿಪೆಟ್‌ನದು. ಭಾರತೀಯ ಮೂಲದ ಅಮೆರಿಕನ್ ಕಮಲಾ ಶಂಕರಂ ಅತ್ಯಾಚಾರಿಗಳ ವಿರುದ್ಧ ಕೋರ್ಟಿಗೆ ಹೋದ ಪಾಕಿಸ್ತಾನದ ಮುಖ್ತಾರ್ ಮಾಯಿಯ ಹೋರಾಟವನ್ನು 'ಥಂಬ್‌ಪ್ರಿಂಟ್' ಎಂಬ ಒಪೆರಾ ಮಾಡಿದರು. 2024ರ ಸೆಪ್ಟೆಂಬರಿನಲ್ಲಿ ಮೆಟ್ ಸೀಸನ್ ಶುರುವಾದದ್ದು ಜನೀನ್ ಟೆಸೋರಿ ಅವರ 'ಗ್ರೌಂಡೆಡ್' ಇಂದ, ಡ್ರೋನ್ ಓಡಿಸುವ ಮಹಿಳಾ ಪೈಲಟ್ ಕಥೆ. ಹೆಂಗಸಿನ ಕೃತಿಯಿಂದ ಅಲ್ಲಿ ಸೀಸನ್ ತೆರೆದದ್ದು ಅದೇ ಮೊದಲು. ಖುಷಿ ಪಡಬೇಕೋ, 'ಈಗಲಾ!' ಅನ್ನಬೇಕೋ ನಿಮಗೆ ಬಿಟ್ಟದ್ದು.

ನನಗೆ ಒಪೆರಾ ಗೊತ್ತೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಸಣ್ಣದರಿಂದ. ಮೊದಲು ವಿಯರ್ ಅವರ 'ಕಿಂಗ್ ಹರಾಲ್ಡ್ಸ್ ಸಾಗಾ', 1979ರದು. ಹತ್ತು ನಿಮಿಷವೂ ಇಲ್ಲ, ಆದರೆ ಮೂರು ಅಂಕ ಇದೆ. ವಾದ್ಯ ಇಲ್ಲ, ಒಬ್ಬಳೇ ಸೋಪ್ರಾನೊ ಎಂಟು ಪಾತ್ರ ಹಾಡುತ್ತಾಳೆ, ಜೊತೆಗೆ ಇಡೀ ನಾರ್ವೆ ಸೈನ್ಯವೂ ಅವಳೇ. ಒಪೆರಾ ಅಂದರೆ ಬೋರ್ ಅನ್ನುವವರಿಗೆ ನಾನು ಇದನ್ನೇ ಕೇಳಿಸುವುದು. ಆಮೇಲೆ 'ಸಾವಿತ್ರಿ', ಕಥೆ ಗೊತ್ತಿರುವುದರಿಂದ ಕಷ್ಟ ಆಗುವುದಿಲ್ಲ. ಆಮೇಲೆ ಡೈಡೋ ಪೂರ್ತಿ, ಒಂದು ಗಂಟೆ. ಅಷ್ಟಾದ ಮೇಲೂ ಮನಸ್ಸಿದ್ದರೆ 'ದಿ ರೆಕರ್ಸ್'. ಕನ್ನಡದಲ್ಲಿ ಸಬ್‌ಟೈಟಲ್ ಸಿಗುವುದಿಲ್ಲ, ಇಂಗ್ಲಿಷಿನದ್ದು ಹಾಕಿಕೊಳ್ಳಿ. ಹಾಡುವುದು ಇಂಗ್ಲಿಷಿನಲ್ಲೇ ಆದರೂ ಸೋಪ್ರಾನೊ ಮೇಲಿನ ಸ್ವರಕ್ಕೆ ಹೋದಾಗ ಲಂಡನ್ನಿನವರಿಗೂ ಮಾತು ತಿಳಿಯುವುದಿಲ್ಲ. ಅದಕ್ಕೇ ಇಂಗ್ಲಿಷ್ ನ್ಯಾಷನಲ್ ಒಪೆರಾದಲ್ಲಿ ಕೂಡ ಸ್ಟೇಜಿನ ಮೇಲ್ಗಡೆ ಮಾತುಗಳನ್ನು ಬರೆದು ತೋರಿಸುತ್ತಾರೆ.